ವಿಳಾಸವಿಲ್ಲದವರಿಗೊಬ್ಬ ಅಂಚೆಯಣ್ಣ

ನಾಯಿಗೂ ಅಂಚೆಯವನಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಎನ್ನುವುದು ಲೋಕರೂಢಿ. ಗೇಟಿನಾಚೆಯೇ ನಿಂತು ಬೆಲ್ ಬಾರಿಸಿ, ಒಂದು ಕಾಲನ್ನು ಪೆಡಲಿನ ಮೇಲೇ ಇಟ್ಟುಕೊಂಡು, ಕಾಗದವನ್ನು ಕಾಂಪೌಂಡಿನೊಳಕ್ಕೆ ಎಸೆದು ಪಾರಾಗುವ ಅಂಚೆಯವರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ತುಮಕೂರಿನಲ್ಲಿ ಅಂಚೆಯವನಾಗಿರುವ ನನ್ನ ಬಾಲ್ಯದ ಗೆಳೆಯನ ಕಥೆಯೇ ಬೇರೆ. ಅವನು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ನಾಯಿಗಳು ಬೊಗಳುವುದಿಲ್ಲ. ಎದ್ದು ಮೈ ಮುರಿದು, ಬಾಲ ಆಡಿಸುತ್ತ, ಮನೆಮನೆಗೂ ಅವನ ಹಿಂದೆ ಹೋಗಿ ಬರುತ್ತವೆ. ‘ಅಂಚೆ ಇಲಾಖೆಯಲ್ಲಿ ಬೆಂಗಾವಲು ಇರುವ ಏಕೈಕ ನೌಕರ ನೀನೇ’ ಎಂದು ನಾನು ಅವನನ್ನು ಗೇಲಿ ಮಾಡುವುದುಂಟು.

ಅವನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ‘ಬರಿ, ಬೇಡ ಅನ್ನಲ್ಲ. ಆದ್ರೆ ಹೆಸರು ಹಾಕ್ಬೇಡ. ಹಾಕಿದ್ರೆ ನಾಳೆ ಬೆಳಿಗ್ಗೆ ನಮ್ಮನೆ ಬಾಗಿಲಲ್ಲಿ ರಟ್ಟಿನ ಡಬ್ಬದಲ್ಲಿ ಆರು ಮರಿ ಇಟ್ಟು ಹೋಗಿರ್ತಾರೆ’ ಎಂದು ಅವನು ಕಟ್ಟಪ್ಪಣೆ ಮಾಡಿದ್ದಾನೆ. ಅದು ತಮಾಷೆಯ ಮಾತಲ್ಲ. ಹಾಗೆ ಆಗಿರುವುದು ಒಂದೆರಡು ಸಲವಲ್ಲ.

ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆರನೇ ತರಗತಿಯಲ್ಲಿದ್ದಾಗ ಅವನಿಗೆ ನಾಯಿ ಕಚ್ಚಿತು. ಆಗ ಹೊಕ್ಕಳ ಸುತ್ತ ಚುಚ್ಚುವ ಹದಿನಾಲ್ಕು ಇಂಜೆಕ್ಷನ್ನುಗಳ ಕಾಲ. ದಿನಕ್ಕೊಂದರಂತೆ ಆಸ್ಪತ್ರೆಗೆ ಹೋಗಿ ಬಂದು, ಅಂಗಿ ಎತ್ತಿ ಊದಿದ ಹೊಟ್ಟೆಯನ್ನು ನಮಗೆಲ್ಲ ತೋರಿಸುತ್ತಿದ್ದ. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆಯನ್ನು ರೂಪಿಸಿದ್ದು ಡೇವಿಡ್ ಸೆಂಪಲ್ ಎಂಬ ವೈದ್ಯರು, ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ. 2005ರ ಹೊತ್ತಿಗೆ ನಮ್ಮ ದೇಶದಲ್ಲಿ ಅದರ ಬಳಕೆ ನಿಂತುಹೋಯಿತು. ಈಗ ತೋಳಿಗೆ ಕೊಡುವ ನಾಲ್ಕೈದು ಚುಚ್ಚುಮದ್ದು ಸಾಕು. ಆದರೆ ಹದಿನಾಲ್ಕು ಸೂಜಿಯ ಭಯ ಮಾತ್ರ ಇನ್ನೂ ಅನೇಕ ತಂದೆತಾಯಂದಿರ ಮನಸ್ಸಿನಿಂದ ಹೋಗಿಲ್ಲ. ಆ ಭಯಕ್ಕೇ ಕಚ್ಚಿದ್ದನ್ನು ಮನೆಯಲ್ಲಿ ಹೇಳದೆ ಮುಚ್ಚಿಡುವ ಮಕ್ಕಳನ್ನು ಮೇಷ್ಟ್ರಾಗಿ ನಾನು ಕಂಡಿದ್ದೇನೆ.

ಅಷ್ಟು ನೋವು ತಿಂದ ಹುಡುಗ ಮುಂದೆ ನಾಯಿಗಳ ವೈರಿಯಾಗಬೇಕಿತ್ತು. ಹೇಗೋ ಆಗಲಿಲ್ಲ. ಕೇಳಿದರೆ, ‘ಅದು ಸುಮ್ಮನೆ ಕಚ್ಚಲಿಲ್ಲ ಕಣೋ. ಮರಿ ಹಾಕಿತ್ತು. ನಾನು ಒಂದು ಮರಿ ಎತ್ಕೊಳ್ಳೋಕೆ ಹೋಗಿದ್ದೆ. ಅದರ ಜಾಗದಲ್ಲಿ ನಮ್ಮವ್ವ ಇದ್ದಿದ್ರೂ ಕಚ್ಚಿರೋಳು’ ಎನ್ನುತ್ತಾನೆ.

ಪಿಯುಸಿ ಆದಮೇಲೆ ನಾನು ಬಿಎಸ್ಸಿ, ಬಿಎಡ್ ಎಂದು ಹೋದೆ. ಅವನು ಅಂಚೆ ಇಲಾಖೆ ಸೇರಿದ. 2006ರ ಮಳೆಗಾಲದಲ್ಲಿ ಕ್ಯಾತ್ಸಂದ್ರದ ಹತ್ತಿರ ಹೆದ್ದಾರಿಯಲ್ಲಿ ಲಾರಿಯೊಂದು ಒಂದು ಹೆಣ್ಣುನಾಯಿಗೆ ಬಡಿದು ಹೋಯಿತು. ಹಿಂಗಾಲು ಮುರಿದು ಅದು ರಸ್ತೆಯ ನಡುವೆ ತೆವಳುತ್ತಿತ್ತು. ಸೈಕಲ್ಲಿನಲ್ಲಿ ಬರುತ್ತಿದ್ದ ಇವನು ಇಳಿದ. ಕೈಯಲ್ಲಿ ಅಂಚೆಯ ಚೀಲವಿತ್ತು, ಆದರೆ ಅದು ಸರ್ಕಾರದ್ದು. ಆದ್ದರಿಂದ ತನ್ನ ಖಾಕಿ ಅಂಗಿಯನ್ನೇ ಬಿಚ್ಚಿ ನಾಯಿಯನ್ನು ಅದರಲ್ಲಿ ಸುತ್ತಿ, ಬನಿಯನ್ನಿನಲ್ಲೇ ಆಟೋ ಹತ್ತಿ ಪಶು ಆಸ್ಪತ್ರೆಗೆ ಹೋದ. ಆ ದಿನ ತಡವಾಗಿ ಬಂದದ್ದಕ್ಕೆ ಕಚೇರಿಯಲ್ಲಿ ಬೈಸಿಕೊಂಡ. ನಾಯಿ ಮೂರು ಕಾಲಿನಲ್ಲಿ ಬದುಕಿತು. ಅದಕ್ಕೆ ರಾಣಿ ಎಂದು ಹೆಸರಿಟ್ಟ. ರಾಣಿಯಿಂದ ಶುರುವಾದದ್ದು ಇಂದಿಗೂ ನಿಂತಿಲ್ಲ.

ಅವನಂಥವರು ಇನ್ನೂ ಐದಾರು ಮಂದಿ ಊರಿನಲ್ಲಿದ್ದರು. ಒಬ್ಬರು ನಿವೃತ್ತ ನರ್ಸ್, ಒಬ್ಬರು ಕಾಲೇಜಿನ ಉಪನ್ಯಾಸಕಿ, ಒಬ್ಬ ಆಟೋ ಚಾಲಕ. ಹಿರಿಯರೊಬ್ಬರು ಊರ ಹೊರಗೆ ಗುಬ್ಬಿ ರಸ್ತೆಯ ಕಡೆ ಅರ್ಧ ಎಕರೆ ಜಾಗ ಬಿಟ್ಟುಕೊಟ್ಟರು. ತಗಡಿನ ಶೆಡ್ಡು, ಸುತ್ತ ಜಾಲರಿ ಬೇಲಿ, ಒಂದು ಬೋರ್‌ವೆಲ್. ಇದೇ ಅವರ ಆಶ್ರಯಧಾಮ. ಯಾವ ಕಾಲಕ್ಕೆ ಹೋದರೂ ಮೂವತ್ತು ನಲವತ್ತು ನಾಯಿ, ಹತ್ತು ಹನ್ನೆರಡು ಬೆಕ್ಕು ಅಲ್ಲಿರುತ್ತವೆ. ಒಮ್ಮೆ ಕುಂಟು ಕರುವೊಂದು ವರ್ಷಗಟ್ಟಲೆ ಇತ್ತು. ನನ್ನ ಗೆಳೆಯ ಬೆಳಿಗ್ಗೆ ಐದೂವರೆಗೆ ಅಲ್ಲಿಗೆ ಹೋಗಿ ಗೂಡು ತೊಳೆದು, ಕೋಳಿ ಅಂಗಡಿಯಿಂದ ತಂದ ಕತ್ತು ಕಾಲುಗಳನ್ನು ಬೇಯಿಸಿ ಅನ್ನಕ್ಕೆ ಕಲಸಿ ಹಾಕಿ, ಮನೆಗೆ ಬಂದು ಸ್ನಾನ ಮಾಡಿ ಕೆಲಸಕ್ಕೆ ಹೊರಡುತ್ತಾನೆ. ಸಂಜೆ ಮತ್ತೆ ಅದೇ ದಾರಿ. ಹಬ್ಬ, ಮದುವೆ, ಜ್ವರ ಯಾವುದೂ ಇದಕ್ಕೆ ಅಡ್ಡಿಯಲ್ಲ. ‘ಅಣ್ಣಾ, ಇವ್ರು ನಮ್ಮ ಮದುವೆ ದಿನ ಮರೀತಾರೆ, ಅವುಗಳ ಲಸಿಕೆ ದಿನ ಮರೆಯಲ್ಲ’ ಎಂದು ಅವನ ಹೆಂಡತಿ ನನ್ನೆದುರು ದೂರುತ್ತಾರೆ. ದೂರುತ್ತಲೇ, ಹುಷಾರಿಲ್ಲದ ಮರಿಯೊಂದಕ್ಕೆ ಸಿರಿಂಜಿನಲ್ಲಿ ಗಂಜಿ ಕುಡಿಸುತ್ತಿರುತ್ತಾರೆ.

ಗಾಯಗೊಂಡದ್ದನ್ನು ಎತ್ತಿ ತರುವುದು ದೊಡ್ಡ ಕೆಲಸ ಎಂದು ನಾನು ಬಹಳ ದಿನ ತಿಳಿದಿದ್ದೆ. ಅವನು ಒಪ್ಪುವುದಿಲ್ಲ. ‘ತರೋದು ಒಂದು ದಿನದ ಕೆಲಸ. ಎಳೇ ಮಕ್ಕಳೂ ತರ್ತಾರೆ. ಅದಕ್ಕೊಂದು ಮನೆ ಹುಡುಕೋದು, ಆ ಮನೇಲಿ ಅದು ಸಾಯೋ ತನಕ ಇರೋ ಹಾಗೆ ನೋಡ್ಕೊಳೋದು ಹನ್ನೆರಡು ವರ್ಷದ ಕೆಲಸ’ ಎನ್ನುತ್ತಾನೆ. ಶೆಡ್ಡಿನಲ್ಲಿ ಇರುವ ಜಾಗ ಇಷ್ಟೇ. ಒಂದು ಹೊರಗೆ ಹೋದರೆ ಮಾತ್ರ ಇನ್ನೊಂದಕ್ಕೆ ಜಾಗ. ಇಕ್ಕಟ್ಟಾದಷ್ಟೂ ಕಾಯಿಲೆ ಹೆಚ್ಚು. ಪಾರ್ವೋ ಎಂಬ ವೈರಸ್ ಒಮ್ಮೆ ಹೊಕ್ಕರೆ ಮರಿಗಳು ರಕ್ತಭೇದಿಯಾಗಿ ಸಾಲು ಸಾಲಾಗಿ ಹೋಗುತ್ತವೆ. ಸಾಧಾರಣ ಸೋಪಿಗೆ ಆ ವೈರಸ್ ಜಗ್ಗುವುದಿಲ್ಲ, ತಿಂಗಳುಗಟ್ಟಲೆ ಮಣ್ಣಿನಲ್ಲಿ ಉಳಿದುಕೊಳ್ಳುತ್ತದೆ. 2011ರಲ್ಲಿ ಹಾಗೆ ಬಂದಾಗ ಒಂದೇ ವಾರದಲ್ಲಿ ಹನ್ನೊಂದು ಮರಿಗಳನ್ನು ಇವನೇ ಗುಂಡಿ ತೋಡಿ ಮಣ್ಣು ಮಾಡಿದ. ಆ ವಾರವೂ ಅವನ ಬೀದಿಗಳಿಗೆ ಕಾಗದಗಳು ಹೊತ್ತಿಗೆ ಸರಿಯಾಗಿ ತಲುಪಿದವು.

ಮನೆ ಹುಡುಕುವ ಕೆಲಸಕ್ಕೆ ಅಂಚೆಯವನಿಗಿಂತ ತಕ್ಕವರು ಯಾರಿದ್ದಾರೆ ಹೇಳಿ. ಯಾವ ಮನೆಯಲ್ಲಿ ಮಧ್ಯಾಹ್ನ ಯಾರಾದರೂ ಇರುತ್ತಾರೆ, ಯಾವ ಮನೆಗೆ ಬೀಗ ಬಿದ್ದಿರುತ್ತದೆ, ಯಾರ ಅಂಗಳದಲ್ಲಿ ನೆರಳಿದೆ, ಯಾವ ಅಜ್ಜಿ ಒಬ್ಬಳೇ ಮಾತಾಡಿಕೊಳ್ಳುತ್ತಾಳೆ, ಯಾವ ಮನೆಯ ಯಜಮಾನರು ಕೆಲಸದವಳ ಮೇಲೆ ಕೂಗಾಡುತ್ತಾರೆ, ಎಲ್ಲವೂ ಅವನಿಗೆ ಗೊತ್ತು. ಅವನ ಬಳಿ ಉದ್ದನೆಯ ನೋಟ್ ಪುಸ್ತಕಗಳಿವೆ. ಈಗ ಮೂರನೆಯದು ನಡೆಯುತ್ತಿದೆ. ರಿಜಿಸ್ಟರ್ಡ್ ಕಾಗದಗಳಿಗೆ ಗೆರೆ ಹಾಕಿಕೊಂಡ ಹಾಗೆ ಅಂಕಣಗಳು: ನಾಯಿಯ ಗುರುತು, ಲಸಿಕೆಯ ತಾರೀಖು, ಸಂತಾನಹರಣದ ತಾರೀಖು, ಕೊಟ್ಟ ಮನೆ, ಒಂದು ವಾರಕ್ಕೆ ನೋಡಿದ್ದು, ಒಂದು ತಿಂಗಳಿಗೆ ನೋಡಿದ್ದು, ಒಂದು ವರ್ಷಕ್ಕೆ ನೋಡಿದ್ದು. ಕಡೆಯ ಅಂಕಣದ ತಲೆಯಲ್ಲಿ ‘ವಾಪಸ್ಸು’ ಎಂದು ಬರೆದಿದೆ.

ಅವನ ನಿಯಮಗಳೂ ಸರ್ಕಾರಿ ನಿಯಮಗಳಷ್ಟೇ ಬಿಗಿ. ಹುಟ್ಟುಹಬ್ಬದ ಉಡುಗೊರೆಗೆ ಮರಿ ಇಲ್ಲ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬೇರ್ಪಡಿಸುವುದಿಲ್ಲ. ಮನೆಯವರೆಲ್ಲ ಎದುರು ಕೂತು ಒಪ್ಪಬೇಕು, ಅತ್ತೆ ಮಾವ ಇದ್ದರೆ ಅವರೂ ಸಹ. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಬೇಕು. ‘ಊರಿಗೆ ಹೋದಾಗ ಯಾರು ನೋಡ್ಕೋತಾರೆ? ಗಲೀಜು ಮಾಡಿದ್ರೆ ಯಾರು ತೊಳೀತಾರೆ? ಕಾಯಿಲೆ ಬಿದ್ರೆ ಡಾಕ್ಟರ ಹತ್ರ ಯಾರು ಒಯ್ತಾರೆ?’ ಈ ಮೂರು ಪ್ರಶ್ನೆಗೂ ಒಬ್ಬ ಮನುಷ್ಯನ ಹೆಸರು ಹೇಳಬೇಕು. ‘ಎಲ್ಲರೂ ನೋಡ್ಕೋತೀವಿ’ ಎಂದವರಿಗೆ ಅವನು ಕೊಡುವುದೇ ಇಲ್ಲ. ಎಲ್ಲರೂ ಎಂದರೆ ಯಾರೂ ಇಲ್ಲ ಎಂದು ಅವನ ಲೆಕ್ಕ.

ಕಾರಿನಲ್ಲಿ ಬಂದು ‘ಜಾತಿ ನಾಯಿ ಇದ್ರೆ ಕೊಡಿ’ ಎನ್ನುವವರು ಬಹಳ. ಜಾತಿ ನಾಯಿಗಳೂ ಆಗಾಗ ಬಂದು ಬೀಳುತ್ತವೆ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲು ಹುಟ್ಟಿದ ಹಸ್ಕಿಯನ್ನು ಚೆಂದಕ್ಕೆಂದು ಸಾವಿರಾರು ರೂಪಾಯಿ ಕೊಟ್ಟು ತಂದು, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದು ಏದುಸಿರು ಬಿಡುವುದನ್ನು ನೋಡಲಾಗದೆ ಬಿಟ್ಟುಹೋದವರಿದ್ದಾರೆ. ನಮ್ಮಂತೆ ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುವುದೇ ಅದು ಮೈ ತಂಪು ಮಾಡಿಕೊಳ್ಳುವ ದಾರಿ. ಎರಡು ಪದರ ದಟ್ಟ ಕೂದಲಿನ ನಾಯಿ ಇಲ್ಲಿ ಪಡುವ ಪಾಡನ್ನು ಊಹಿಸಿಕೊಳ್ಳಿ. ಕೊನೆಗೆ ಶೆಡ್ಡಿನಲ್ಲಿ ಉಳಿಯುವವು ನಮ್ಮ ನಾಟಿ ನಾಯಿಗಳು, ಅದರಲ್ಲೂ ಹೆಣ್ಣು, ಕರಿ ಬಣ್ಣದವು, ಕುಂಟು, ಕುರುಡು, ಮುದಿಯಾದವು. ‘ವಿಳಾಸ ತಪ್ಪಿದ ಕಾಗದಾನ ಬರೆದವರಿಗೇ ವಾಪಸ್ ಕಳಿಸ್ಬೋದು. ಇವಕ್ಕೆ ಕಳಿಸಿದವರ ವಿಳಾಸನೂ ಇಲ್ಲ’ ಎಂದು ಅವನೊಮ್ಮೆ ಹೇಳಿದ್ದ.

ಇನ್ನು ನನ್ನ ಸಂಗತಿಗೆ ಬರುತ್ತೇನೆ. ಇದನ್ನು ಬರೆಯದೆ ಅವನ ಬಗ್ಗೆ ಬರೆದರೆ ಅರ್ಧ ಸುಳ್ಳು ಹೇಳಿದಂತೆ.

2013ರಲ್ಲಿ ನನ್ನ ಮಗ ಏಳನೇ ತರಗತಿ. ನಾಯಿಮರಿ ಬೇಕೆಂದು ಹಟ ಹಿಡಿದ. ನಾನು ಗೆಳೆಯನ ಬಳಿ ಹೋದೆ. ಅವನು ಹಿಂದೆ ಮುಂದೆ ನೋಡಿದ. ‘ಬಾಡಿಗೆ ಮನೆ, ಇಬ್ಬರೂ ಕೆಲಸಕ್ಕೆ ಹೋಗ್ತೀರ. ಹಗಲೆಲ್ಲ ಅದು ಒಂಟಿ’ ಎಂದ. ‘ನಲವತ್ತು ವರ್ಷದ ಗೆಳೆಯನನ್ನೂ ನಂಬಲ್ವೇನಯ್ಯ’ ಎಂದು ನಾನು ಬೇಸರ ತೋರಿಸಿದೆ. ಅವನು ಸೋತ. ಬಿಳಿ ಮೈಯ ಮೇಲೆ ಕಂದು ಮಚ್ಚೆಯಿದ್ದ ಎರಡು ತಿಂಗಳ ಹೆಣ್ಣುಮರಿ ನಮ್ಮ ಮನೆಗೆ ಬಂತು. ಮಗ ಚುಕ್ಕಿ ಎಂದು ಕರೆದ.

ಮೊದಲ ತಿಂಗಳು ಸಂಭ್ರಮವೋ ಸಂಭ್ರಮ. ಆಮೇಲೆ ಎಲ್ಲ ಮನೆಗಳಲ್ಲಿ ಆಗುವುದೇ ನಮ್ಮಲ್ಲೂ ಆಯಿತು. ಮಗನಿಗೆ ಟ್ಯೂಷನ್, ನಮಗೆ ಶಾಲೆ. ಹಗಲೆಲ್ಲ ಹಿತ್ತಲಿನಲ್ಲಿ ಕಟ್ಟಿಹಾಕಿದ ಚುಕ್ಕಿ ಬೊಗಳಿ ಬೊಗಳಿ ಅಕ್ಕಪಕ್ಕದವರ ನಿದ್ದೆ ಕೆಡಿಸಿತು. ಚಪ್ಪಲಿ ಕಡಿಯಿತು. ಒಂದು ದಿನ ನಾನು ತಿದ್ದಿ ಇಟ್ಟಿದ್ದ ಉತ್ತರ ಪತ್ರಿಕೆಗಳ ಕಟ್ಟನ್ನೇ ಹರಿದುಹಾಕಿತು. ಮನೆಯ ಮಾಲೀಕರು ‘ನಾಯಿಯೋ ಮನೆಯೋ ಒಂದು ಇಟ್ಕೊಳ್ಳಿ’ ಎಂದರು. ಅಂದೇ ಸಂಜೆ ಗೆಳೆಯನಿಗೆ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ‘ಆಗಲೇ ಹೇಳಿರಲಿಲ್ವಾ’ ಎಂಬ ಅವನ ನೋಟವನ್ನು ಎದುರಿಸಲು ನನಗೆ ಮನಸ್ಸಾಗಲಿಲ್ಲ. 2014ರ ಫೆಬ್ರವರಿಯಲ್ಲಿ, ಶಿರಾ ಕಡೆಗೆ ಹೋಗುವ ಪರಿಚಯದ ಟೆಂಪೊದವನ ಕೈಗೆ ಇನ್ನೂರು ರೂಪಾಯಿ ಕೊಟ್ಟು, ‘ಯಾವುದಾದ್ರೂ ತೋಟದ ಹತ್ರ ಬಿಟ್ಬಿಡಪ್ಪ’ ಎಂದೆ. ಮಗನಿಗೆ, ‘ಚುಕ್ಕಿ ಒಬ್ಬರ ತೋಟದ ಮನೆಯಲ್ಲಿ ಆರಾಮಾಗಿದೆ, ಓಡಾಡೋಕೆ ದೊಡ್ಡ ಜಾಗ’ ಎಂದೆ. ಮಾರನೇ ದಿನ ತರಗತಿಗೆ ಹೋಗಿ ಎಂದಿನಂತೆ ಪಾಠ ಮಾಡಿದೆ.

ಮೂರು ವಾರವಾದ ಮೇಲೆ ಗೆಳೆಯ ಮನೆಗೆ ಬಂದ. ಚುಕ್ಕಿಯ ಲಸಿಕೆಯ ತಾರೀಖು ಹತ್ತಿರವಿತ್ತು. ನೋಟ್ ಪುಸ್ತಕ ಬಗಲಿನಲ್ಲಿತ್ತು. ನಾನು ತೋಟದ ಕಥೆ ಹೇಳಿದೆ. ‘ಯಾರ ತೋಟ?’ ಎಂದ. ಎರಡನೇ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಅವನು ಬೈಯಲಿಲ್ಲ. ಟೆಂಪೊದವನ ನಂಬರು ಬರೆದುಕೊಂಡು, ಇಟ್ಟಿದ್ದ ಕಾಫಿ ಕುಡಿಯದೆ ಎದ್ದು ಹೋದ.

ರಜೆ ಹಾಕಿ ಅವನು ಒಂಬತ್ತು ದಿನ ಹುಡುಕಿದ. ಹೆದ್ದಾರಿಯ ಹೋಟೆಲುಗಳು, ಪೆಟ್ರೋಲ್ ಬಂಕುಗಳು, ಪಂಕ್ಚರ್ ಅಂಗಡಿಗಳು ಒಂದನ್ನೂ ಬಿಡಲಿಲ್ಲ. ಹತ್ತನೇ ದಿನ ಸೀಬಿಯ ಹತ್ತಿರ ಹೋಟೆಲೊಂದರ ಹಿಂದೆ, ಎಂಜಲೆಲೆಗಳ ನಡುವೆ ಚುಕ್ಕಿ ಸಿಕ್ಕಿತು. ಮೈಯೆಲ್ಲ ಕಜ್ಜಿ, ಒಂದು ಕಿವಿ ಹರಿದಿತ್ತು. ಕರೆದರೆ ಹತ್ತಿರ ಬರಲಿಲ್ಲವಂತೆ. ಎರಡು ಗಂಟೆ ಅಲ್ಲೇ ನೆಲದ ಮೇಲೆ ಕೂತಿದ್ದನಂತೆ.

ಮಾರನೇ ದಿನ ಅವನು ನನ್ನನ್ನು ಶೆಡ್ಡಿಗೆ ಕರೆಸಿಕೊಂಡ. ನೋಟ್ ಪುಸ್ತಕ ತೆರೆದು ನನ್ನ ಹೆಸರಿನ ಮುಂದೆ ‘ವಾಪಸ್ಸು’ ಅಂಕಣದಲ್ಲಿ ತಾರೀಖು ಬರೆದ. ‘ತಪ್ಪು ನಂದು ಕಣೋ. ಮನೆ ನೋಡಿ ಕೊಡ್ಬೇಕಿತ್ತು, ಗೆಳೆತನ ನೋಡಿ ಕೊಟ್ಟೆ’ ಎಂದ. ಬೈದಿದ್ದರೆ ಚೆನ್ನಾಗಿತ್ತು. ನಾನು ಹೊರಡುವಾಗ ಇನ್ನೊಂದು ಮಾತು ಸೇರಿಸಿದ. ‘ಮಗನಿಗೆ ನಿಜ ಹೇಳು. ನಾಳೆ ಅವನಿಗೆ ಬೇರೆ ಯಾರಿಂದಾದ್ರೂ ಗೊತ್ತಾದ್ರೆ, ನೀನು ಹೇಳಿಕೊಟ್ಟ ಪಾಠ ಎಲ್ಲಾನೂ ಅನುಮಾನಿಸ್ತಾನೆ.’

ಹೇಳಿದೆ. ಹನ್ನೆರಡು ವರ್ಷದ ಹುಡುಗನ ಮುಂದೆ ತಲೆ ತಗ್ಗಿಸಿ ನಿಲ್ಲುವುದು ಯಾವ ಇನ್ಸ್‌ಪೆಕ್ಟರರ ಮುಂದೆ ನಿಲ್ಲುವುದಕ್ಕಿಂತಲೂ ಕಷ್ಟ. ಎರಡು ದಿನ ಅವನು ನನ್ನೊಡನೆ ಮಾತಾಡಲಿಲ್ಲ. ಮೂರನೇ ದಿನ ಶೆಡ್ಡಿಗೆ ಕರೆದೊಯ್ಯಲು ಕೇಳಿದ. ಮಗನನ್ನು ಕಂಡ ಚುಕ್ಕಿ ಕುಣಿದು ಕುಪ್ಪಳಿಸಿತು. ನನ್ನನ್ನು ಕಂಡೂ ಬಾಲ ಆಡಿಸಿತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ತಿಳಿಯಿತು, ನಾನು ಮಾಡಿದ್ದು ಬರೀ ತಪ್ಪಲ್ಲ, ಅಪರಾಧ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವುದು ಶಿಕ್ಷಾರ್ಹ. ಈ ಕಾಯ್ದೆಯ ಹಿಂದೆ ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಇದ್ದರು. ರಾಜ್ಯಸಭೆಯ ಸದಸ್ಯೆಯಾಗಿ ಅವರು ತಂದ ಖಾಸಗಿ ಮಸೂದೆಯೇ ಇದಕ್ಕೆ ನಾಂದಿ. 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೂ ಅವರೇ ಮೊದಲ ಅಧ್ಯಕ್ಷೆ. ಜೀವಿಗಳ ಬಗ್ಗೆ ಅನುಕಂಪ ತೋರುವುದು ನಾಗರಿಕನ ಮೂಲಭೂತ ಕರ್ತವ್ಯವೆಂದು 1976ರಲ್ಲಿ ಸಂವಿಧಾನಕ್ಕೆ ಸೇರಿತು. ಮಕ್ಕಳು ಇದನ್ನು ಸಮಾಜ ವಿಜ್ಞಾನದ ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಪಕ್ಕದ ಕೊಠಡಿಯಲ್ಲಿ ವಿಜ್ಞಾನ ಹೇಳುತ್ತಿದ್ದ ನನಗೇ ಅದು ನೆನಪಿರಲಿಲ್ಲ. ಬೆಂಗಳೂರಿನಲ್ಲಿ 1991ರಲ್ಲಿ ‘ಕ್ಯೂಪಾ’ ಎಂಬ ಪ್ರಾಣಿದಯಾ ಸಂಸ್ಥೆಯನ್ನು ಕಟ್ಟಿದ ಕ್ರಿಸ್ಟಲ್ ರೋಜರ್ಸ್ ಅವರಿಗೆ ಆಗ ಎಂಬತ್ತು ದಾಟಿತ್ತು. ಅಂಥ ದೊಡ್ಡವರ ಹೆಸರುಗಳು ಪುಸ್ತಕದಲ್ಲಿ ಉಳಿಯುತ್ತವೆ. ಆದರೆ ಅವರು ಹಾಕಿದ ದಾರಿ ಸವೆಯದೆ ಉಳಿದಿರುವುದು ಊರೂರಿನಲ್ಲಿ ಬೆಳಿಗ್ಗೆ ಐದೂವರೆಗೆ ಏಳುವ ಇಂಥ ಹೆಸರಿಲ್ಲದವರಿಂದ ಎಂದು ನನಗೆ ಅನ್ನಿಸುತ್ತದೆ.

ಬೀದಿನಾಯಿ ಎಂದರೆ ಹೆದರುವ ತಂದೆತಾಯಂದಿರು ಈ ಬರಹ ಓದುತ್ತಿದ್ದಾರೆಂದು ನನಗೆ ಗೊತ್ತು. ಅವರ ಭಯ ಸುಳ್ಳಲ್ಲ. ಮೂರು ವರ್ಷದ ಹಿಂದೆ ನಮ್ಮ ಶಾಲೆಯ ಎಂಟನೇ ತರಗತಿಯ ಹುಡುಗಿಗೆ ಗೇಟಿನ ಬಳಿ ನಾಯಿ ಕಚ್ಚಿತು. ಸಹೋದ್ಯೋಗಿಯೊಬ್ಬರು ಅರಿಶಿನ ತರಲು ಓಡಿದರು. ನಾನು ಅವಳನ್ನು ನಲ್ಲಿಯ ಕೆಳಗೆ ಕೂರಿಸಿ, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಸೋಪು ಹಚ್ಚಿ ಗಾಯ ತೊಳೆದೆ. ರೇಬಿಸ್ ವೈರಸ್ಸಿನ ಹೊರ ಕವಚದಲ್ಲಿ ಕೊಬ್ಬಿನಂಶವಿದೆ. ಎಣ್ಣೆ ಜಿಡ್ಡನ್ನು ತೆಗೆಯುವ ಹಾಗೆಯೇ ಸೋಪು ಆ ಕವಚವನ್ನು ಕರಗಿಸುತ್ತದೆ. ಉಳಿದುಕೊಂಡ ವೈರಸ್ಸು ನರಗಳ ಗುಂಟ ನಿಧಾನವಾಗಿ ಮೆದುಳಿನತ್ತ ಸಾಗುತ್ತದೆ. ಅದು ತಲುಪುವ ಮೊದಲೇ ಲಸಿಕೆ ತನ್ನ ಕೆಲಸ ಮುಗಿಸಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಅಪರೂಪದಲ್ಲಿ ಅಪರೂಪ. ಅಂದೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದು, ಗಾಯಕ್ಕೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಮತ್ತು ಲಸಿಕೆ ಎರಡನ್ನೂ ಕೊಡಿಸಿದೆವು. 1885ರಲ್ಲಿ ಲೂಯಿ ಪಾಸ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಮೊದಲ ಲಸಿಕೆ ಕೊಟ್ಟು ಶತಮಾನವೇ ಕಳೆದಿದೆ. ಆದರೂ ನಾವಿನ್ನೂ ಅರಿಶಿನಕ್ಕೆ ಓಡುತ್ತೇವೆ.

ವಿಷಯ ತಿಳಿದ ಗೆಳೆಯ ಆ ಸಂಜೆಯೇ ಬಂದ. ನಾಯಿಯ ಪರ ವಕಾಲತ್ತು ಮಾಡುತ್ತಾನೆಂದು ನಾನು ತಿಳಿದಿದ್ದೆ. ಅವನು ಮೊದಲು ಹೋದದ್ದು ಹುಡುಗಿಯ ಮನೆಗೆ. ಆಮೇಲೆ ತನ್ನ ಸಂಗಡಿಗರೊಂದಿಗೆ ಕಚ್ಚಿದ ನಾಯಿಯನ್ನು ಹಿಡಿದು, ಬೇರೆಯಾಗಿ ಕೂಡಿಹಾಕಿ ಹತ್ತು ದಿನ ಕಣ್ಣಿಟ್ಟ. ಅದಕ್ಕೆ ಹುಚ್ಚಿರಲಿಲ್ಲ, ಕುತ್ತಿಗೆಯಲ್ಲಿ ಹುಳು ಬಿದ್ದ ಹಳೇ ಗಾಯವಿತ್ತು. ‘ಮಗು ಮೊದಲು, ನಾಯಿ ಆಮೇಲೆ. ಇದರಲ್ಲಿ ನನಗೆ ಗೊಂದಲ ಇಲ್ಲ. ಆದ್ರೆ ನಾಯಿ ಕೈ ಬಿಟ್ರೆ ನಾಳೆ ಇನ್ನೊಂದು ಮಗೂಗೆ ಕಚ್ಚುತ್ತೆ’ ಎಂದ.

ನಾಯಿಗಳನ್ನು ಹಿಡಿದು ಸಂತಾನಹರಣ ಮಾಡಿ, ರೇಬಿಸ್ ಲಸಿಕೆ ಹಾಕಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಮತ್ತೆ ಅದೇ ಬೀದಿಗೆ ಬಿಡುವ ಕ್ರಮಕ್ಕೆ 2001ರಲ್ಲಿ ನಿಯಮ ಬಂತು. 2023ರಲ್ಲಿ ಹೊಸ ನಿಯಮಗಳಾದವು. ಅದೇ ಬೀದಿಗೆ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಬೀದಿಯಲ್ಲಿ ಕಸದ ಅನ್ನ ಇರುವವರೆಗೆ, ಖಾಲಿಯಾದ ಜಾಗಕ್ಕೆ ಲಸಿಕೆಯಿಲ್ಲದ ಹೊಸ ನಾಯಿಗಳು ಬಂದು ಸೇರುತ್ತವೆ. ಹೆಣ್ಣುನಾಯಿಯ ಗರ್ಭಕಾಲ ಬರೀ ಎರಡು ತಿಂಗಳು. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಸ್ಥಳಗಳಿಂದ ನಾಯಿಗಳನ್ನು ತೆಗೆದು ಆಶ್ರಯತಾಣಗಳಿಗೆ ಸೇರಿಸಬೇಕೆಂದು ಆದೇಶಿಸಿದಾಗ ಗೆಳೆಯ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ‘ಸ್ಕೂಲ್ ಅಂಗಳದಲ್ಲಿ ಮಕ್ಕಳು ಹೆದರಬಾರದು, ಅದು ಸರಿ. ಆದ್ರೆ ಆಶ್ರಯ ಅಂದ್ರೆ ಗೋಡೌನ್ ಅಲ್ವಲ್ಲ. ಒಳಗೆ ತಂದಷ್ಟೂ ಹೊರಗೆ ಮನೆ ಹುಡುಕ್ಬೇಕು. ಆ ಮನೆಗಳು ಎಲ್ಲಿವೆ?’ ಎಂದ. ಆ ಪ್ರಶ್ನೆ ಕೋರ್ಟಿಗಲ್ಲ, ನಮಗೆ.

ಆದ್ದರಿಂದ ಮರಿ ಬೇಕೆಂದು ಮಗು ಅಳುವಾಗ ತಂದೆತಾಯಂದಿರು ಮೂರು ದಾರಿಗಳನ್ನು ನೆನಪಿಟ್ಟುಕೊಳ್ಳಬೇಕೆಂದು ನಾನು ಬೇಡುತ್ತೇನೆ. ಹನ್ನೆರಡು ವರ್ಷ ಸಾಕಲು ಆಗುವುದಾದರೆ ತನ್ನಿ, ಆದಷ್ಟೂ ಅಂಗಡಿಯ ಬದಲು ಆಶ್ರಯದಿಂದ ತನ್ನಿ. ಆಗುವುದಿಲ್ಲವಾದರೆ ಆಗುವುದಿಲ್ಲ ಎಂದು ಹೇಳಿ. ಅದರಲ್ಲಿ ಅವಮಾನವಿಲ್ಲ. ಭಾನುವಾರ ಮಗುವನ್ನು ಇಂಥ ಕಡೆ ಕರೆದೊಯ್ದು ಒಂದು ಗೂಡು ತೊಳೆಯಲು ಬಿಡಿ, ಅದೂ ಪ್ರೀತಿಯೇ. ತಂದ ಮೇಲೆ ಸಾಧ್ಯವಾಗದಿದ್ದರೆ, ಕೊಟ್ಟವರ ಬಳಿಗೇ ಹಿಂತಿರುಗಿ ಹೋಗಿ. ನಾಚಿಕೆಯನ್ನು ನೀವು ಹೊರಿ, ನಾಯಿಯ ಮೇಲೆ ಹೊರಿಸಬೇಡಿ. ಮೂರನೆಯದನ್ನು ಮಾಡಲಾಗದೆ ಹೋದವನು ಹೇಳುತ್ತಿರುವ ಮಾತಿದು.

ಚುಕ್ಕಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗೆಳೆಯನ ಅಂಚೆಯ ಬೀದಿಯಲ್ಲೇ ಒಬ್ಬಂಟಿಯಾಗಿದ್ದ ಟೈಲರ್ ಅಮ್ಮನೊಬ್ಬರು ಅದನ್ನು ಒಯ್ದರು. ಹೊಲಿಗೆ ಯಂತ್ರದ ಕೆಳಗೆ, ಚಿಂದಿ ಬಟ್ಟೆಗಳ ರಾಶಿಯ ಮೇಲೆ ಅದರ ಹಾಸಿಗೆ. ಹಗಲೆಲ್ಲ ಪಕ್ಕದಲ್ಲಿ ಮನುಷ್ಯರಿದ್ದುದರಿಂದ ಅದು ಬೊಗಳುವುದನ್ನೇ ಬಿಟ್ಟಿತು. ನಮ್ಮ ಮನೆಯಲ್ಲಿ ಪುಂಡು ಎನ್ನಿಸಿಕೊಂಡ ನಾಯಿ ಅದೇನಾ ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಕೆಟ್ಟದ್ದು ನಾಯಿಯಾಗಿರಲಿಲ್ಲ, ವಿಳಾಸ ತಪ್ಪಾಗಿತ್ತು. ಅಲ್ಲೇ ಹನ್ನೊಂದು ವರ್ಷ ಬಾಳಿ 2025ರಲ್ಲಿ ಚುಕ್ಕಿ ತೀರಿಕೊಂಡಿತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಮಗ ಸುದ್ದಿ ಕೇಳಿ ಬಂದು, ಆ ಅಮ್ಮನ ಹಿತ್ತಲಿನಲ್ಲಿ ಗುಂಡಿ ತೋಡಿದ. ನಾನು ಪಕ್ಕದಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ.

ಈಗ ನಮ್ಮದು ಸ್ವಂತ ಮನೆ. ಸಣ್ಣ ಅಂಗಳ, ಒಂದು ಹೊಂಗೆ ಮರ. ಹೆಂಡತಿ ಕೆಲಸದಿಂದ ನಿವೃತ್ತಳಾಗಿದ್ದಾಳೆ. ಶೆಡ್ಡಿನಲ್ಲಿ ಒಂದು ಕಣ್ಣು ಹೋದ, ಒಂಬತ್ತು ವರ್ಷದ ಕರಿ ನಾಯಿಯಿದೆ. ಯಾರೂ ಅದನ್ನು ಕೇಳಿಲ್ಲ. ಹೋದ ತಿಂಗಳು ನಾನು ಕೇಳಿದೆ. ಗೆಳೆಯ ನನ್ನ ಮುಖವನ್ನೊಮ್ಮೆ ನೋಡಿ, ‘ಭಾನುವಾರ ಬರ್ತೀನಿ’ ಎಂದ.

ಬಂದ. ಅಪರಿಚಿತರ ಮನೆಗೆ ಬಂದವನಂತೆ ಗೇಟು, ಕಾಂಪೌಂಡು, ನೀರಿನ ತೊಟ್ಟಿ ಎಲ್ಲ ನೋಡಿದ. ನನ್ನನ್ನೂ ನನ್ನ ಹೆಂಡತಿಯನ್ನೂ ಎದುರಿಗೆ ಕೂರಿಸಿಕೊಂಡು ಅದೇ ಮೂರು ಪ್ರಶ್ನೆಗಳನ್ನು ಕೇಳಿದ. ನಾನು ಮೂರಕ್ಕೂ ನನ್ನ ಹೆಸರು ಹೇಳಿದೆ. ಅವನು ಬರೆದುಕೊಂಡ. ಈ ಸಲ ಕಾಫಿ ಕುಡಿದ. ‘ನೋಡೋಣ ಮೇಷ್ಟ್ರೇ, ಮಿಕ್ಕವರನ್ನೂ ಕೇಳಿ ಹೇಳ್ತೀನಿ’ ಎಂದು ಸ್ಕೂಟರ್ ಹತ್ತಿದ.

ಇನ್ನೂ ಉತ್ತರ ಬಂದಿಲ್ಲ. ದಿನಾ ಹನ್ನೊಂದು ಗಂಟೆಯ ಸುಮಾರಿಗೆ ನಮ್ಮ ಬೀದಿಯ ತುದಿಯಲ್ಲಿ ನಾಯಿಗಳು ಎದ್ದು ಮೈ ಮುರಿಯುತ್ತವೆ. ರಜಾ ದಿನಗಳಲ್ಲಿ ನಾನೂ ಗೇಟಿನ ಬಳಿ ಹೋಗಿ ನಿಲ್ಲುತ್ತೇನೆ.